ಆರು ಪುಟದ ಕಂತು, ನಲವತ್ತು ವರ್ಷದ ಲೆಕ್ಕ

ಪ್ರೀತಿಯ ತಮ್ಮನಿಗೆ,

ನಿನ್ನ ಕಾಮಿಕ್ಸ್ ಕಥೆಯ ಹಸ್ತಪ್ರತಿ ಪೂರ್ತಿ ಓದಿದೆ. ‘ಜಡ್ಜ್ ಡ್ರೆಡ್’ ಎಂಬ ಬ್ರಿಟಿಷ್ ಕಾಮಿಕ್ಸ್ ಥರದ್ದೊಂದು ಕನ್ನಡದಲ್ಲಿ ಬರಬೇಕೆಂಬ ನಿನ್ನ ಆಸೆ ನನ್ನದೂ ಹೌದು. ಆದರೆ ನೀನು ಅಲ್ಲಿಂದ ತಂದುಕೊಂಡಿರುವುದು ಹೆಲ್ಮೆಟ್ಟು, ಬೈಕು, ಬಂದೂಕು. ಆ ಕಥೆ ಇಷ್ಟು ಕಾಲ ಬಾಳಿದ್ದು ಅವುಗಳಿಂದಲ್ಲ. ಅಲ್ಲಿ ಆದದ್ದು ಆಗಿಯೇ ಹೋಯಿತು, ಮುಂದಿನ ವಾರ ಯಾರೂ ಅದನ್ನು ಅಳಿಸುವುದಿಲ್ಲ. ನಿನ್ನ ನಾಲ್ಕನೇ ಕಂತಿನಲ್ಲಿ ಅರ್ಧ ನಗರ ಸುಟ್ಟುಹೋಗುತ್ತದೆ, ಐದನೆಯದರಲ್ಲಿ ಸಂತೆ ಎಂದಿನಂತೆ ಕೂಡಿದೆ. ನಿನ್ನ ಕಥೆ ಸೋತಿರುವುದು ಅಲ್ಲೇ.

ಡ್ರೆಡ್ ಕಥೆ ಬರುವ ‘2000 ಎಡಿ’ ಎಂಬ ಕಾಮಿಕ್ಸ್ ವಾರಪತ್ರಿಕೆ ಶುರುವಾದದ್ದು 1977ರ ಫೆಬ್ರುವರಿಯಲ್ಲಿ. ಜಾನ್ ವ್ಯಾಗ್ನರ್ ಮತ್ತು ಕಾರ್ಲೋಸ್ ಎಸ್ಕೆರಾ ಸೃಷ್ಟಿಸಿದ ಡ್ರೆಡ್ ಬಂದದ್ದು ಎರಡನೇ ಸಂಚಿಕೆಗೆ. ಆಗ ಕಥೆಯ ಇಸವಿ 2099. ಅಂದಿನಿಂದ ನಮಗೊಂದು ವರ್ಷ ಕಳೆದರೆ ಅವನಿಗೂ ಒಂದು ವರ್ಷ. ನಡುವಿನ ಅಂತರ ಯಾವಾಗಲೂ 122. ಅವನು ಮುದುಕನಾಗುತ್ತಿದ್ದಾನೆ.

1982ರ ‘ಅಪಾಕಲಿಪ್ಸ್ ವಾರ್’ ತೆಗೆದು ನಿಧಾನಕ್ಕೆ ಓದು. ಡ್ರೆಡ್‌ನ ನಗರ ಮೆಗಾ-ಸಿಟಿ ಒನ್‌ನ 80 ಕೋಟಿ ಜನರಲ್ಲಿ ಅರ್ಧದಷ್ಟು ಸಾಯುತ್ತಾರೆ. ಕೊನೆಗೆ ಡ್ರೆಡ್ ಶತ್ರುಗಳ ಕ್ಷಿಪಣಿ ನೆಲೆಗೇ ನುಗ್ಗಿ, ಅತ್ತ ಕಡೆಯವರು ಎಷ್ಟು ಬೇಡಿಕೊಂಡರೂ ಕಿವಿಗೊಡದೆ, ಗುಂಡಿ ಒತ್ತಿ ಅವರ ನಗರ ಈಸ್ಟ್-ಮೆಗ್ ಒನ್ ಅನ್ನು ಭಸ್ಮ ಮಾಡುತ್ತಾನೆ. ಅಲ್ಲಿದ್ದವರು 50 ಕೋಟಿ. ನಾಯಕ ಗೆದ್ದ ಎಂದು ಓದುಗ ಚಪ್ಪಾಳೆ ತಟ್ಟಲು ಹೋದರೆ ಕೈ ಅರ್ಧಕ್ಕೇ ನಿಲ್ಲುತ್ತದೆ. ಸುಮಾರು ಮೂವತ್ತು ವರ್ಷದ ಮೇಲೆ, 2011ರಲ್ಲಿ ಆರಂಭವಾದ ‘ಡೇ ಆಫ್ ಕೇಯಾಸ್’ನಲ್ಲಿ, ಈಸ್ಟ್-ಮೆಗ್‌ನವರಲ್ಲಿ ಅಂದು ಬದುಕುಳಿದವರು ರೋಗಾಣು ಹಿಡಿದು ಸೇಡಿಗೆ ಬರುತ್ತಾರೆ, ಮೆಗಾ-ಸಿಟಿ ಒನ್‌ನಲ್ಲಿ ಉಳಿದಿದ್ದ 40 ಕೋಟಿ ಐದು ಕೋಟಿಗೆ ಇಳಿಯುತ್ತದೆ. ಸಾಲ ಬಡ್ಡಿ ಸಮೇತ ವಸೂಲಾಗುವುದು ಎಂದರೆ ಇದು! ಇಷ್ಟು ತಾಳ್ಮೆ ಕಾಮಿಕ್ಸ್‌ನಲ್ಲಿ ಅಪರೂಪ.

ಆದ್ದರಿಂದ ಒಂದು ನೋಟ್‌ಬುಕ್ ಇಡು. ಪ್ರತಿ ಕಂತು ಮುಗಿದ ಕೂಡಲೇ ಬರೆದುಕೋ: ಕಥೆಯಲ್ಲಿ ಇಸವಿ ಯಾವುದು, ಯಾರು ಸತ್ತರು, ಏನು ಮುರಿಯಿತು, ಅದನ್ನು ಕಂಡವರು ಯಾರು. ಈ ಕೊನೆಯದನ್ನು ಬಿಡಬೇಡ. ಮುಂದಿನ ಕಥೆ ಹುಟ್ಟುವುದು ಬಹುಪಾಲು ಕಂಡವರ ಕಡೆಯಿಂದಲೇ.

ಇನ್ನು ಕಂತಿನ ಅಳತೆ. ಡ್ರೆಡ್‌ನ ವಾರದ ಪಾಲು ಸಾಮಾನ್ಯವಾಗಿ ಐದಾರು ಪುಟ. ನಿನ್ನ ಮೊದಲ ಕಂತು ಹದಿನಾಲ್ಕು ಪುಟ, ಅದರಲ್ಲಿ ಮೂರು ಪುಟ ನಗರದ ಚರಿತ್ರೆ. ಆ ಮೂರನ್ನೂ ತೆಗೆದುಹಾಕು. ಪುಟಕ್ಕೆ ಐದಾರು ಚೌಕಟ್ಟು, ಚೌಕಟ್ಟಿಗೆ ಒಂದೇ ಕ್ರಿಯೆ. ‘ಅವನು ಬಾಗಿಲು ಒದ್ದು ಒಳನುಗ್ಗಿ ಗುಂಡು ಹಾರಿಸುತ್ತಾನೆ’ ಎಂದು ಬರೆದಿದ್ದೀಯ; ಚಿತ್ರಕಾರ ಇದರಲ್ಲಿ ಯಾವ ಕ್ಷಣ ಬಿಡಿಸಬೇಕು? ಮೊದಲು ಮಾತಾಡುವವನನ್ನು ಎಡಕ್ಕೆ ನಿಲ್ಲಿಸು, ಇಲ್ಲದಿದ್ದರೆ ಮಾತಿನ ಗುಳ್ಳೆಗಳ ಬಾಲ ಒಂದನ್ನೊಂದು ದಾಟಿ ಯಾರ ಮಾತು ಯಾರದೆಂದು ತಿಳಿಯದು. ಕಂತು ಬಲಪುಟದಿಂದ ಶುರುವಾಗುವುದಾದರೆ ಬೆಚ್ಚಿಬೀಳಿಸುವ ಚಿತ್ರ ಎರಡು, ನಾಲ್ಕು ಅಥವಾ ಆರನೇ ಪುಟದ ಮೊದಲ ಚೌಕಟ್ಟಿನಲ್ಲಿರಲಿ. ಮೂರರಲ್ಲೋ ಐದರಲ್ಲೋ ಇಟ್ಟರೆ ಎದುರು ಪುಟ ಓದುವಾಗಲೇ ಅದು ಕಣ್ಣಿಗೆ ಬಿದ್ದುಬಿಡುತ್ತದೆ.

ಇಂಗ್ಲಿಷಿನಲ್ಲಿ ಒಂದು ಗುಳ್ಳೆಗೆ ಇಪ್ಪತ್ತೈದು ಪದ ಹಿಡಿಸಬಹುದು. ಕನ್ನಡಕ್ಕೆ ಆ ಲೆಕ್ಕ ಹೊಂದುವುದಿಲ್ಲ. ನಮ್ಮ ಪದಗಳು ಉದ್ದ, ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಜಾಗ ಹೆಚ್ಚು ಬೇಕು. ಹತ್ತು-ಹನ್ನೆರಡು ಪದಕ್ಕೆ ನಿಲ್ಲಿಸು. ಹೆಚ್ಚಾದರೆ ಅಕ್ಷರ ಕಿರಿದಾಗುತ್ತದೆ, ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ, ಗುಳ್ಳೆ ಮುಖವನ್ನೇ ಮುಚ್ಚುತ್ತದೆ.

ನಿನ್ನ ನ್ಯಾಯಾಧೀಶ ತೀರಾ ಒಳ್ಳೆಯವನು ಎಂಬುದು ನನ್ನ ದೊಡ್ಡ ತಕರಾರು. ಎಸ್ಕೆರಾ ಬೆಳೆದದ್ದು ಫ್ರಾಂಕೋ ಸರ್ವಾಧಿಕಾರದ ಸ್ಪೇನಿನಲ್ಲಿ. ಆ ಆಡಳಿತದ ಲಾಂಛನದಲ್ಲೂ ಹದ್ದಿತ್ತು; ಡ್ರೆಡ್‌ನ ಹೆಗಲ ಮೇಲಿನ ಹದ್ದು ಬರೀ ಅಂದಕ್ಕೆ ಕೂತದ್ದಲ್ಲ. ಅವನೇ ಪೊಲೀಸು, ಅವನೇ ನ್ಯಾಯಾಧೀಶ, ಶಿಕ್ಷೆ ಕೊಡುವವನೂ ಅವನೇ. ಅಂಥವನ ಮುಖವನ್ನು ನಮಗೆ ತೋರಿಸುವುದೇ ಇಲ್ಲ. 1990ರ ‘ಅಮೆರಿಕ’ ಎಂಬ ಡ್ರೆಡ್ ಕಥೆಯಲ್ಲಿ ವ್ಯಾಗ್ನರ್ ಕಥೆ ಹೇಳಿಸುವುದು ಬೆನೆಟ್ ಬೀನಿ ಎಂಬ ಹಾಡುಗಾರನಿಂದ. ಪ್ರಜಾಪ್ರಭುತ್ವ ಕೇಳಿ ಬೀದಿಗಿಳಿದ ಅವನ ಬಾಲ್ಯದ ಗೆಳತಿಯ ಕಡೆಯಿಂದ ನೋಡಿದಾಗ ಡ್ರೆಡ್ ಬರೀ ಭಯ. ನನ್ನ ಮಟ್ಟಿಗೆ ಇಡೀ ಸರಣಿಯ ಶಿಖರ ಅದೇ. ನೀನೂ ಒಂದು ಕಂತನ್ನು, ನಿನ್ನ ನಾಯಕ ಜೈಲಿಗೆ ಕಳಿಸಿದ ಆ ತರಕಾರಿ ಮಾರುವವಳ ಕಡೆಯಿಂದ ಬರೆದು ನೋಡು. ಅವಳಿಗೆ ನೀನು ಕೊಟ್ಟಿರುವುದು ಎರಡೇ ಚೌಕಟ್ಟು.

ಸದ್ಯಕ್ಕೆ ಧಾರಾವಾಹಿ ಪಕ್ಕಕ್ಕಿಡು. ‘2000 ಎಡಿ’ಯಲ್ಲಿ ‘ಫ್ಯೂಚರ್ ಶಾಕ್ಸ್’ ಎಂಬ ಬಿಡಿ ಕಥೆಗಳಿವೆ, ಕೆಲವೇ ಪುಟದವು, ಕೊನೆಯಲ್ಲಿ ಒಂದು ತಿರುವು. ‘ವಾಚ್‌ಮೆನ್’ ಬರೆದ ಅಲನ್ ಮೂರ್ ಕೂಡ ಆರಂಭದಲ್ಲಿ ಅಂಥವನ್ನು ಬರೆದೇ ಕೈ ಪಳಗಿಸಿಕೊಂಡದ್ದು. ನಾಲ್ಕು ಪುಟದ ಅಂಥ ಮೂರು ಕಥೆ ಬರೆದು ಕಳಿಸು. ಚೌಕಟ್ಟುಗಳಿಗೆ ಸಂಖ್ಯೆ ಹಾಕಿರಲಿ, ಮಾತು ಬೇರೆ ಸಾಲಿನಲ್ಲಿರಲಿ.

ನಿನ್ನ
ಅಣ್ಣ