ಪೇಪರ್ ಹರಿದದ್ದಕ್ಕೆ ರೈತರು ಹೊಣೆಯಲ್ಲ

ಮಾನ್ಯರೇ,

ಕಳೆ ಬಾರದಂತೆ ಸಾಲಿನ ಮೇಲೆ ಹಾಸಲು ಸಹಾಯಧನದಲ್ಲಿ ಕೊಟ್ಟ, ಮಣ್ಣಲ್ಲಿ ಕರಗುವ ಮಲ್ಚಿಂಗ್ ಪೇಪರ್ (ತೆಳು ಪ್ಲಾಸ್ಟಿಕ್ ಹಾಳೆಯಂಥದ್ದು) ಮೊನ್ನೆಯ ಗಾಳಿಗೆ ಚಿಂದಿಯಾದ ವರದಿಯಲ್ಲಿ ‘ರೈತರು ಸರಿಯಾಗಿ ಹಾಸಿಲ್ಲ’ ಎಂಬ ಅಧಿಕಾರಿಗಳ ಮಾತು ಓದಿ ಮೈ ಉರಿಯಿತು. ತಂಪು ಹೊತ್ತಲ್ಲಿ, ತೀರಾ ಬಿಗಿ ಎಳೆಯದೆ ಹಾಸಿ, ಕಾಯಿಸಿದ ಡಬ್ಬದಿಂದ ದುಂಡಗೆ ತೂತು ಮಾಡುವುದು ಕೋಲಾರ ಸೀಮೆಯ ಟೊಮೆಟೊ ಬೆಳೆಗಾರರಿಗೆ ಗೊತ್ತು. ಈ ಪೇಪರಿಗೆ ಬ್ಲೇಡಿನಿಂದ ಅಡ್ಡಡ್ಡ ಕೊಯ್ಯಿರಿ ಎಂದು ಹೇಳಿಕೊಟ್ಟವರೇ ಈ ಅಧಿಕಾರಿಗಳು! ಮೂಲೆಯಿರುವ ತೂತು ಮೂಲೆಯಿಂದಲೇ ಸೀಳುತ್ತದೆ.

ಬಗ್ಗಿ ನೋಡಿದ್ದರೆ ಕಾಣುತ್ತಿತ್ತು. ಸೀಳೆಲ್ಲ ಸಸಿಯ ತೂತಿನಿಂದ ಶುರುವಾಗಿ ಸಾಲಿನುದ್ದಕ್ಕೇ ಓಡಿ ಮುಂದಿನ ತೂತು ಸೇರಿದೆ. ಯಂತ್ರದಲ್ಲಿ ಉದ್ದಕ್ಕೆ ಹೆಚ್ಚು ಎಳೆದು ತೆಳುವಾಗಿಸಿದ ಪೇಪರ್ ಹೀಗೇ ಸೀಳುವುದು. ಅದಕ್ಕೆ ಬೆರೆಸುವ ಪಿಷ್ಟವೋ ಸುಣ್ಣಕಲ್ಲಿನ ಪುಡಿಯೋ ಅತಿಯಾದರೆ ಇನ್ನೂ ಪೆಡಸು. ಪಾಲಿಥೀನ್ ಆಗಿದ್ದಾಗ 25–30 ಮೈಕ್ರಾನ್ ದಪ್ಪದ್ದು ಹಾಸುತ್ತಿದ್ದೆವು, ಈ ಸಲ ಕೊಟ್ಟದ್ದು 15. ಯುರೋಪಿನಲ್ಲಿ ಇಷ್ಟು ತೆಳುವಿನದು ನಡೆಯುತ್ತದೆ, ನಿಜ. ಅಲ್ಲಿ ನುಣ್ಣಗೆ ಹದಮಾಡಿದ ಮಡಿಯ ಮೇಲೆ ಯಂತ್ರ ಹಾಸುತ್ತದೆ. ನಮ್ಮ ಗರಸು ಮಣ್ಣಿನ ಬೆಣಚುಕಲ್ಲಿನ ಚೂರು ಹಾಸುವಾಗಲೇ ಚುಚ್ಚುತ್ತದೆ.

ಇನ್ನು ಅಂಚು. ಗಾಳಿಗೆ ಏಳದಿರಲೆಂದು ಎರಡೂ ಬದಿ ಅರ್ಧ ಅಡಿ ಹುಗಿಯುತ್ತೇವೆ. ತೇವ, ಬಿಸಿ, ಸೂಕ್ಷ್ಮಜೀವಿ ಮೂರೂ ಸಿಗುವ ಆ ಅಂಚೇ ಮೊದಲು ಕೊಳೆತು ನೆಲಮಟ್ಟದಲ್ಲಿ ಕಡಿದುಕೊಳ್ಳುತ್ತದೆ. ಮೇಲೆ ಬೆಳ್ಳಿ ಬಣ್ಣ ಹೊಸದರಂತೆ ಹೊಳೆಯುತ್ತಿರುತ್ತದೆ, ಕೆಳಗೆ ಹಿಡಿತವಿಲ್ಲ. ಹಳೆಯ ದಾಸ್ತಾನಾದರೆ ಗೋದಾಮಿನ ತೇವಕ್ಕೇ ಸತ್ವ ಹೋಗಿರುತ್ತದೆ. ರೋಲಿನ ಮೇಲೆ ತಯಾರಿಸಿದ ತಾರೀಖೇ ಇರಲಿಲ್ಲ.

ಪೇಪರಿಗೆ ಸರ್ಟಿಫಿಕೇಟ್ ಇದೆಯಂತೆ. ತೋರಿಸುತ್ತಿರುವುದು ಐಎಸ್‌ಒ 17088 ಎಂಬ ಅಂತರರಾಷ್ಟ್ರೀಯ ಮಾನದಂಡದ ಕಾಗದ. ಸುಮಾರು 58 ಡಿಗ್ರಿ ಕಾಯುವ ಕಾಂಪೋಸ್ಟ್ ಘಟಕದಲ್ಲಿ ಕೊಳೆಯುತ್ತದೆಯೇ ಎಂಬ ಪರೀಕ್ಷೆ ಅದು, ಹೊಲದ್ದಲ್ಲ. ಯುರೋಪಿನಲ್ಲಿ ಬೆಳೆ ಹೊದಿಕೆಗೆಂದೇ 2018ರಿಂದ ಇಎನ್ 17033 ಎಂಬ ಮಾನದಂಡ ಇದೆ. ಮಣ್ಣಿನಲ್ಲಿ ಎರಡು ವರ್ಷದೊಳಗೆ ಶೇ 90ರಷ್ಟು ಕರಗಬೇಕು. ಎಷ್ಟು ಎಳೆತ ತಾಳಬೇಕು, ಹರಿಯುವ ಮುನ್ನ ಎಷ್ಟು ಹಿಗ್ಗಬೇಕು ಎಂಬುದನ್ನೂ ಅದು ಹೇಳುತ್ತದೆ. ಟೆಂಡರಿನಲ್ಲಿ ಉದ್ದಕ್ಕೆ, ಅಡ್ಡಕ್ಕೆ ಎರಡೂ ಕಡೆಯ ತಾಳಿಕೆ ಕೇಳಿದ್ದರೇ?

ನೀಲಗಿರಿ ಕೋಲು ನೆಟ್ಟು, ದಾರ ಕಟ್ಟಿದ ಸಾಲಿಗೆ ಮತ್ತೆ ಪೇಪರ್ ಹಾಸಲಾಗದು. ಐದಡಿ ಸಾಲಾದರೆ ಎಕರೆಗೆ 2,700 ಮೀಟರ್, ಅಂದರೆ 400 ಮೀಟರಿನ ಏಳು ರೋಲು ದಂಡ. ಹಾರಾಡುವ ತುಂಡು ಎಳೆ ಸಸಿಯ ಕುತ್ತಿಗೆಗೆ ಬಡಿದು ಕಾಂಡ ತರಚುತ್ತಿದೆ. ಬೆಳಕು ಬಿದ್ದಲ್ಲೆಲ್ಲ ಕಳೆ. ಡ್ರಿಪ್ ಪೈಪಿನ ನಡುವೆ ಕುಡುಗೋಲು ಆಡದು, ಕೈಯಲ್ಲೇ ಕೀಳಬೇಕು. ಆಳು ಸಿಗುವ ಕಾಲವೇ ಇದು?

ಸಹಾಯಧನಕ್ಕೆ ಪಹಣಿ, ಆಧಾರ್, ಜಿಪಿಎಸ್ ಫೋಟೊ ಎಂದು ಅಲೆಸುವವರು ಕೊಟ್ಟ ಪೇಪರನ್ನು ಒಮ್ಮೆ ಎಳೆದು ನೋಡಬಾರದಿತ್ತೇ? 

ಪಾಲಿಥೀನನ್ನು ಬದುವಿನ ಮೇಲೆ ಸುಡುವುದು, ಅದರ ಚೂರು ಹೊಲದಲ್ಲೇ ಉಳಿಯುವುದು ನಿಲ್ಲಲಿ ಎಂದೇ ಇದನ್ನು ಒಪ್ಪಿದ್ದೆವು. ಇನ್ನು ಈ ಹೋಬಳಿಯಲ್ಲಿ ಒಳ್ಳೆಯ ಪೇಪರ್ ಬಂದರೂ ಯಾರು ಮುಟ್ಟುತ್ತಾರೆ? ಪರಿಹಾರ ಕೊಡಲಿ, ಇಲ್ಲವೇ ಬೇರೆ ಪೇಪರ್ ಕೊಡಲಿ, ಏನಾದರೂ ಮಾಡಲಿ. ಮೊದಲು ಆ ಮಾತನ್ನು ವಾಪಸು ತೆಗೆದುಕೊಳ್ಳಲಿ. ಹೊಲಕ್ಕೆ ಕಾಲಿಡದೆ ತಪ್ಪನ್ನು ರೈತರ ತಲೆಗೆ ಕಟ್ಟುವವರಿಗೆ ನಾಚಿಕೆಯಾಗಬೇಕು.

– ಟೊಮೆಟೊ ಬೆಳೆಗಾರರು, ಕೋಲಾರ ತಾಲ್ಲೂಕು