ಪೋಷಕರ ಕೂಟಕ್ಕೆ ವರ್ಷ ತುಂಬಿತು, ದೊಡ್ಡಮ್ಮನಿಗೆ ವಂದನೆ

ಹೊಡೆಯದೆ, ಹಂಗಿಸದೆ, ಹೆದರಿಸದೆ ಮಕ್ಕಳನ್ನು ಬೆಳೆಸುವುದನ್ನು ಕಲಿಯಲೆಂದು ನಮ್ಮ ಚರ್ಚಿನ ಸಭೆಯಲ್ಲಿ ಶುರುವಾದ ಪೋಷಕರ ಕೂಟಕ್ಕೆ ಈ ಭಾನುವಾರ ಒಂದು ವರ್ಷ ತುಂಬಿತು. ಹಾಲ್ ಬಿಟ್ಟುಕೊಟ್ಟ ಸಭಾಪಾಲಕರಿಗೆ, ಚಹಾ ಉಪ್ಪಿಟ್ಟು ನೋಡಿಕೊಂಡ ಸ್ತ್ರೀಯರ ಕೂಟಕ್ಕೆ, ಹೊರಗೆ ಮಕ್ಕಳನ್ನು ಆಡಿಸಿದ ಯೂತ್‌ನವರಿಗೆ, ಸೆಮಿನರಿಯಿಂದ ಬಂದು ಪಾಠ ಮಾಡಿದ ಅಣ್ಣನಿಗೆ ತುಂಬು ಹೃದಯದ ಕೃತಜ್ಞತೆ. ಆ ಅಣ್ಣ ಹೇಳಿದ, ಕ್ರೈಸ್ತ ಸನ್ಯಾಸಿ ಆನ್ಸೆಲ್ಮ್ ಅವರ ಸಂಗತಿ ಹಲವರಿಗೆ ನಾಟಿದೆ. 11ನೇ ಶತಮಾನದಲ್ಲಿ ಮಠಾಧಿಪತಿಯೊಬ್ಬರು, ‘ಹಗಲೂ ರಾತ್ರಿ ಹೊಡೆದರೂ ಹುಡುಗರು ಕೆಡುತ್ತಲೇ ಇದ್ದಾರೆ’ ಎಂದು ಗೋಳಾಡಿದಾಗ, ಎಳೆ ಸಸಿಯನ್ನು ನೆಟ್ಟ ದಿನದಿಂದ ನಾಲ್ಕೂ ಕಡೆ ಒತ್ತಿ ಮುಚ್ಚಿಟ್ಟರೆ ಅದು ಸೊಟ್ಟಗಲ್ಲದೆ ಹೇಗೆ ಬೆಳೆದೀತು ಎಂದು ಆನ್ಸೆಲ್ಮ್ ಕೇಳಿದರಂತೆ.

ದೊಡ್ಡಮ್ಮ, ಉಳಿದ ಮಾತೆಲ್ಲ ನಿಮಗೆ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದ ಮೇಲೂ ನೀವು ನಮಗಾಗಿ ಬಂದಿರಿ. ಹೊಡೆಯಬೇಡಿ ಎಂದಷ್ಟೇ ಹೇಳಿ ಕಳಿಸದೆ, ಎತ್ತಿದ ಕೈಯನ್ನು ಆಮೇಲೆ ಎಲ್ಲಿಡಬೇಕು ಎಂಬುದನ್ನೂ ಹೇಳಿಕೊಟ್ಟಿರಿ. ಹೊಸದಾಗಿ ಸೇರುವವರಿಗೂ ಸಿಗಲಿ ಎಂದು ಅದನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ಮೊದಲು ಹೊಟ್ಟೆ, ನಿದ್ದೆ, ಮಾತು ಆಮೇಲೆ. ಇದಕ್ಕೆ ನೀವು ತೋರಿಸಿದ್ದು ಬೈಬಲಿನ 1 ಅರಸುಗಳು 19. ಸಾಯುತ್ತೇನೆಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನನ್ನು ದೇವದೂತನು ಗದರಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಟ್ಟ, ಮಲಗಲು ಬಿಟ್ಟ, ಎಬ್ಬಿಸಿ ಮತ್ತೆ ತಿನ್ನಿಸಿದ. ‘ಇಲ್ಲೇನು ಮಾಡುತ್ತೀ’ ಎಂದು ದೇವರು ಕೇಳಿದ್ದು ಅದೆಲ್ಲ ಆದ ಮೇಲೆ. ಶಾಲೆಯಿಂದ ಬಂದ ಮಗುವಿಗೆ ಹೋಮ್‌ವರ್ಕ್ ವಿಚಾರಣೆಗೆ ಮೊದಲು ಬಾಳೆಹಣ್ಣೋ ಚಪಾತಿಯೋ ಕೊಟ್ಟು ಅರ್ಧ ಗಂಟೆ ಬಿಟ್ಟರೆ ಸಂಜೆಯ ರಂಪದಲ್ಲಿ ಎಷ್ಟೋ ಪಾಲು ಹುಟ್ಟುವುದೇ ಇಲ್ಲ.

ರಚ್ಚೆ ಹಿಡಿದ ಮೂರು ವರ್ಷದ ಮಗುವಿನ ಮುಂದೆ ನೀವು ಹೇಗೆ ಕೂರುತ್ತಿದ್ದಿರಿ ಎಂಬುದು ನಮ್ಮೆಲ್ಲರ ಕಣ್ಣಲ್ಲಿದೆ. ನೆಲದ ಮೇಲೆ, ಒಂದು ಮೊಳ ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ ತಿರುಗಿ. ಎದುರಿಗೆ ನೇರ ಕೂತರೆ ಮಗುವಿಗೆ ದಾರಿ ಕಟ್ಟಿದ ಹಾಗಾಗುತ್ತದೆ ಎನ್ನುತ್ತಿದ್ದಿರಿ. ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ಮಾತು ಮೂರ್ನಾಲ್ಕು ಪದ ಮೀರಬಾರದು: ‘ಕೋಪ ಬಂದಿದೆ. ಇಲ್ಲೇ ಇದ್ದೀನಿ.’ ಒಮ್ಮೆ ಹೇಳಿ ಹತ್ತು ಎಣಿಸುವಷ್ಟು ಕಾಯಬೇಕು. ಅದನ್ನೇ ಮತ್ತೆ ಮತ್ತೆ ಹೇಳಿದರೆ ಗದ್ದಲಕ್ಕೆ ಗದ್ದಲ ಸೇರುತ್ತದೆ, ಅಷ್ಟೆ. ಹೊಡೆಯಲು ಬಂದರೆ ಆ ಪುಟ್ಟ ಕೈಯನ್ನು ಅಂಗೈ ಬಿಚ್ಚಿ ತಡೆಯಬೇಕು, ಹಿಂಡಬಾರದು. ‘ಹೊಡೆಯೋಕೆ ಬಿಡಲ್ಲ’ ಎನ್ನುವ ದನಿ ಗಟ್ಟಿಯಿರಲಿ, ಏರುವುದು ಬೇಡ. ಚೆಲ್ಲಿದ ಹಾಲನ್ನು ಒರೆಸುವುದು, ಯಾಕೆ ಹಾಗಾಯಿತೆಂದು ಕೇಳುವುದು ಮಗು ತಣ್ಣಗಾದ ಮೇಲೆ. ಬಟ್ಟೆಯ ಒಂದು ತುದಿ ಮಗುವಿನ ಕೈಗೆ, ಇನ್ನೊಂದು ನಮ್ಮ ಕೈಗೆ. ಬಲವಂತದ ‘ಸಾರಿ’ ಬೇಡ.

ಎಲ್ಲಿ ತಪ್ಪುತ್ತದೆ ಎಂಬುದನ್ನೂ ನೀವು ಮುಚ್ಚಿಡಲಿಲ್ಲ. ಬೆತ್ತ ಬಿಟ್ಟ ಮನೆಯಲ್ಲಿ ಮೊದಲ ಕೆಲವು ವಾರ ಹಠ ಹೆಚ್ಚಬಹುದು. ಇದು ನಿಜವೋ ಎಂದು ಮಗು ಪರೀಕ್ಷಿಸುತ್ತದೆ. ಅಲ್ಲಿಗೇ ಸೋತು ಮತ್ತೆ ಬೆತ್ತ ಹಿಡಿಯುವವರು ಹಲವರು. ಇನ್ನು ಕೆಲವರು ಶಿಕ್ಷೆಯ ಜೊತೆ ಎಲ್ಲೆಯನ್ನೂ ಬಿಟ್ಟು, ಅಳು ನಿಲ್ಲಲಿ ಎಂದು ಮೊಬೈಲ್ ಕೊಡುತ್ತಾರೆ. ಮೊಬೈಲ್ ಮುಗಿಸುವ ಹೊತ್ತನ್ನು ಹತ್ತು ನಿಮಿಷ ಮುಂಚೆ ಒಮ್ಮೆ, ಎರಡು ನಿಮಿಷ ಮುಂಚೆ ಇನ್ನೊಮ್ಮೆ ಹೇಳಿ, ಆಫ್ ಮಾಡುವ ಕೆಲಸ ಮಗುವಿಗೇ ಬಿಡಿ ಎಂದಿರಿ. ಅತ್ತರೂ ಅದು ಆಫ್ ಆಗಿಯೇ ಇರಬೇಕು. ಅಳುವಾಗ ನಾವು ಹತ್ತಿರ ಇರಬೇಕು.

ನಿಮ್ಮ ದನಿ ಏರಿದ್ದು ಒಂದೇ ವಿಷಯಕ್ಕೆ. ‘ಯೇಸಪ್ಪ ನೋಡ್ತಿದ್ದಾರೆ, ನಿನ್ನನ್ನ ಪ್ರೀತಿ ಮಾಡಲ್ಲ’ ಎನ್ನುವುದಕ್ಕೆ. ಕೈಯ ಬೆತ್ತ ಕೆಳಗಿಟ್ಟು ಕರ್ತನನ್ನೇ ಬೆತ್ತ ಮಾಡಬೇಡಿ ಎಂದಿರಿ. ಪ್ರೀತಿಯಲ್ಲಿ ಹೆದರಿಕೆಯಿಲ್ಲ ಎಂದು 1 ಯೋಹಾನ 4:18 ಹೇಳುತ್ತದೆ. ಆ ಹೆದರಿಕೆ ಶಿಕ್ಷೆಗೆ ಸಂಬಂಧಿಸಿದ್ದು ಎಂದೂ ಅದೇ ವಚನದಲ್ಲಿದೆ. ಆರಾಧನೆಯಲ್ಲಿ ಮಿಸುಕಾಡಿದ ಮಗುವಿನ ತೊಡೆ ಚಿವುಟುವುದೂ ನಿಂತದ್ದು ನಿಮ್ಮಿಂದ. ಚಿಕ್ಕವರಿರುವ ಮನೆಯವರು ಈಗ ಬೆಂಚಿನ ಅಂಚಿನಲ್ಲಿ ಕೂರುತ್ತಾರೆ. ಪ್ರಸಂಗದ ನಡುವೆ ಮಗುವನ್ನು ವರಾಂಡಕ್ಕೆ ಕರೆದೊಯ್ದು ಮತ್ತೆ ಒಳಬಂದರೆ ಯಾರೂ ತಿರುಗಿ ನೋಡುವುದಿಲ್ಲ.

ಬೆತ್ತ ಹಿಡಿಯದ ತಂದೆ ಮಗನನ್ನು ದ್ವೇಷಿಸುತ್ತಾನೆ ಎನ್ನುವ ಜ್ಞಾನೋಕ್ತಿ 13:24ರ ಪ್ರಶ್ನೆ ಪ್ರತಿ ಸಲ ಬರುತ್ತಿತ್ತು. ಧರ್ಮೋಪದೇಶಕಾಂಡ 21ರಲ್ಲಿ ಅವಿಧೇಯ ಮಗನಿಗೆ ಕಲ್ಲೆಸೆಯುವ ವಿಧಿಯೂ ಇದೆ, ಅದನ್ನು ಯಾವ ಅಪ್ಪನೂ ಪಾಲಿಸುವುದಿಲ್ಲವಲ್ಲ ಎಂದು ಕೇಳುತ್ತಿದ್ದಿರಿ. ಎಲ್ಲವನ್ನೂ ಕ್ರಿಸ್ತನ ಮೂಲಕ ಓದುವವರು ಇದನ್ನೂ ಹಾಗೇ ಓದಬೇಕು ಎನ್ನುತ್ತಿದ್ದಿರಿ. ಮಕ್ಕಳನ್ನು ಕೆಣಕಿ ಮನಗುಂದಿಸಬೇಡಿರೆಂದು ಕೊಲೊಸ್ಸೆ 3:21 ತಂದೆಗಳಿಗೇ ಹೇಳಿದ್ದು.

ಮಳೆಗಾಲದ ಆ ರಾತ್ರಿಯ ವಿವರ ಬೇಡ, ಗೊತ್ತಿರುವವರಿಗೆ ಗೊತ್ತು. ಆ ಮನೆಯವರ ಒಪ್ಪಿಗೆಯಿಂದ ಇಷ್ಟು ಬರೆಯುತ್ತೇವೆ. ಮಾರ್ಕ್ಸ್ ವಿಷಯಕ್ಕೆ ಹುಡುಗ ಮನೆ ಬಿಟ್ಟಾಗ, 24 ಗಂಟೆ ಕಾಯಬೇಕಂತೆ ಎಂದವರ ಮಾತು ಕೇಳದೆ ಕೂಡಲೇ ತುರ್ತು ಸಹಾಯದ 112ಕ್ಕೂ ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿಸಿದ್ದು ನೀವು. ಉಳಿದವರು ಟಾರ್ಚ್ ಹಿಡಿದು ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಎಂದು ಹೋದರು. ನೀವು ಆ ಅಪ್ಪನ ಜೊತೆ ಅಡುಗೆಮನೆಯಲ್ಲಿ ಬೆಳಗಿನವರೆಗೆ ಕೂತಿರಿ. ಅವರನ್ನು ಬೈಯಲಿಲ್ಲ. ಅವಮಾನ ಹೊತ್ತ ಅಪ್ಪ ಅದನ್ನು ಮಗನ ಮೇಲೇ ಇಳಿಸುತ್ತಾನೆ ಎಂಬುದು ನಿಮಗೆ ಗೊತ್ತಿತ್ತು. ಮನೆ ಬಿಟ್ಟುಹೋದ ಮಗ ಹಿಂದಿರುಗುವ ಕಥೆಯಿರುವ ಲೂಕ 15 ತೆರೆದಿರಿ. ಕೂಲಿಯವನಾಗಿ ಇಟ್ಟುಕೋ ಎಂದು ಕಲಿತು ಬಂದ ಮಾತನ್ನು ಮಗ ಮುಗಿಸುವ ಮೊದಲೇ ತಂದೆ ನಿಲುವಂಗಿ ತರಿಸಿದ್ದನ್ನು ತೋರಿಸಿದಿರಿ. ಆಮೇಲೆ ಆ ಅಪ್ಪನ ಬಾಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಸಿದಿರಿ: ‘ಬಂದ್ಯಲ್ಲ ಮಗಾ, ಊಟ ಮಾಡು.’ ಪ್ರಶ್ನೆಗಳೆಲ್ಲ ನಾಳೆಗೆ. ಮೊಬೈಲ್ ಕಸಿಯುವುದಿಲ್ಲ, ನೆಂಟರ ಮುಂದೆ ನಿಲ್ಲಿಸುವುದಿಲ್ಲ, ಯಾರ ಜೊತೆಗಿದ್ದೆ ಎಂದು ಬಾಗಿಲಲ್ಲೇ ಕೇಳುವುದಿಲ್ಲ. ಬೆಳಗ್ಗೆ ಹುಡುಗ ಬಂದ. ಅಪ್ಪನ ಬಾಯಿಂದ ಬಂದದ್ದು ಆ ಮಾತೇ. ನೀವು ಅಲ್ಲಿ ಇರದಿದ್ದರೆ ಏನು ಬರುತ್ತಿತ್ತೋ, ಬರೆಯಲು ಕೈ ನಡುಗುತ್ತದೆ.

ದೊಡ್ಡಮ್ಮ, ನಿಮ್ಮನ್ನು ಬರಿದು ಮಾಡಿಕೊಳ್ಳಿ ಎಂದು ನೀವು ಯಾವ ತಾಯಿಗೂ ಹೇಳಲಿಲ್ಲ. ಯೇಸುವೂ ಜನರನ್ನು ಬಿಟ್ಟು ಏಕಾಂತಕ್ಕೆ ಹೋಗುತ್ತಿದ್ದರು, ಬಿರುಗಾಳಿಯಲ್ಲೂ ದೋಣಿಯಲ್ಲಿ ಮಲಗಿದ್ದರು ಎಂದು ನೆನಪಿಸುತ್ತಿದ್ದಿರಿ. ನಮ್ಮ ಮಾನ, ನಮ್ಮ ಗೆಲುವು, ‘ನನ್ನ ಮಾತೇ ನಡೆಯಬೇಕು’ ಎಂಬುದು, ಬಿಡಬೇಕಾದದ್ದು ಇಷ್ಟು. ನಿದ್ದೆಗೆಟ್ಟವರು ಮಗುವನ್ನು ಇನ್ನೊಬ್ಬರ ಕೈಗೆ ಕೊಟ್ಟು ಮಲಗಬೇಕು.

ಶಾಲು, ಹಾರ, ಹಣ್ಣಿನ ಬುಟ್ಟಿ ಬೇಡವೆಂದಿದ್ದೀರಿ, ತರುವುದಿಲ್ಲ. ನೀವು ಕೇಳಿದ್ದನ್ನು ಮಾಡಿದ್ದೇವೆ. ರಾತ್ರಿ ಹತ್ತರ ನಂತರದ ಫೋನ್‌ಗಳು ಇನ್ನು ನಿಮಗೊಬ್ಬರಿಗೇ ಬರುವುದಿಲ್ಲ. ವಾರಕ್ಕೆ ಇಬ್ಬರಂತೆ ಪಾಳಿ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇವೆ. ಮೊದಲ ವಾರಕ್ಕೆ ಹೆಸರು ಕೊಟ್ಟವರಲ್ಲಿ ಆ ಹುಡುಗನ ಅಪ್ಪನೂ ಒಬ್ಬರು.