ತುಪ್ಪದಲ್ಲಿ ಹುರಿದ ಮೇಲೆ ಯಾವ ಬಣ್ಣ?

ಮಾನ್ಯ ಸಂಪಾದಕರೇ,

ಹಬ್ಬ ಹತ್ತಿರ ಬಂದರೆ ಕಿರಾಣಿ ಅಂಗಡಿಯಲ್ಲಿ ಒಂದೇ ಮಾತು: ‘ಹಸಿರು ಒಣದ್ರಾಕ್ಷಿ ಕೊಡಿ, ಕಂದು ಬೇಡ.’ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವ ಮನೆಯವಳು ನಾನು. ಇದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ನಮ್ಮಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಟಾವು. ಕೊಯ್ದ ಗೊನೆಗಳನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತೇವೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಬೇಗ ಆರುತ್ತದೆ. ಆಮೇಲೆ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತೇವೆ. ನೆರಳಲ್ಲಿ, ಗಾಳಿಗೆ ಎರಡು ವಾರದ ಆಸುಪಾಸು ಒಣಗಿದರೆ ಹಸಿರು ಉಳಿಯುತ್ತದೆ. ಅದ್ದದೆ ಬಿಸಿಲಿಗೆ ಹಾಕಿದರೆ ಕಂದು. ಹಳದಿ ಹೊಳಪು ಬೇಕಾದರೆ ಗಂಧಕದ ಹೊಗೆ ಕೊಡಬೇಕು. ಬಳ್ಳಿ ಮಾತ್ರ ಒಂದೇ.

ನಡುವೆ ಅಕಾಲಿಕ ಮಳೆ ಬಂದರೆ ಶೆಡ್ಡಿನಲ್ಲಿರುವ ಮಾಲಿನ ಬಣ್ಣ ತಿರುಗುತ್ತದೆ. ಬೂಸು ಹಿಡಿದದ್ದು ಬಿಡಿ, ಅದನ್ನು ಯಾರೂ ತಿನ್ನಬಾರದು. ಬರೀ ಬಣ್ಣ ಕೆಟ್ಟದ್ದಕ್ಕೂ ದರ ಇಳಿಯುತ್ತದಲ್ಲ, ಅದೇ ನೋವು. ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು 4 ಕಿಲೋ ಹಣ್ಣು ಹೋಗುತ್ತದೆ. ಒಳ್ಳೆ ದರ ಬರಲಿ ಅಂತ ಕೋಲ್ಡ್ ಸ್ಟೋರೇಜಿನಲ್ಲಿಟ್ಟರೆ ಅದರ ಬಾಡಿಗೆ ಬೇರೆ.

‘ಕಂದು ಪಾಯಸಕ್ಕೆ ಚೆಂದ ಕಾಣಲ್ಲ’ ಅನ್ನುವವರಿದ್ದಾರೆ. ತುಪ್ಪದಲ್ಲಿ ಹುರಿದು ಉಬ್ಬಿಸಿದ ಮೇಲೆ ಹಸಿರೂ ಕಂದೇ ಅಲ್ವಾ? ನಮ್ಮ ಮನೆಯ ಗೋಧಿ ಹುಗ್ಗಿಗೆ ಕಂದು ದ್ರಾಕ್ಷಿಯನ್ನೇ ಒಂದು ಹಿಡಿ ಜಾಸ್ತಿ ಹಾಕಿ ಬೆಲ್ಲ ಕಡಿಮೆ ಮಾಡುತ್ತೇನೆ. ಚಟ್ನಿಗೂ ಅದೇ ಒಳ್ಳೆಯದು. ಬಿಸಿನೀರಲ್ಲಿ ನೆನೆಸಿ, ಹುಣಸೆ, ಒಣಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ರುಬ್ಬಿ. ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದರೆ ಬೇರೆ ಪಲ್ಯ ಕೇಳುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಕೈ ಹಿಡಿದು ತಿನ್ನಿ. ಒಣಗಿದ ಹಣ್ಣಿನಲ್ಲಿ ಸಿಹಿ ಗಟ್ಟಿಯಾಗಿ ಕೂತಿರುತ್ತದೆ.

ಪೊಟ್ಟಣ ಕಟ್ಟಿ ಮಾರುವವರಲ್ಲಿ ಒಂದು ಕೋರಿಕೆ. ಎಲ್ಲಿ ಬೆಳೆದದ್ದು, ಗಂಧಕದ ಹೊಗೆ ಕೊಟ್ಟದ್ದೋ ಇಲ್ಲವೋ ಎಂಬುದನ್ನು ಎದ್ದು ಕಾಣುವ ಹಾಗೆ ಬರೆಯಿರಿ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ, ಬಾಳೆಹಣ್ಣು ಕೊಡುತ್ತಾರೆ. ವಾರಕ್ಕೊಮ್ಮೆ ಒಂದು ಹಿಡಿ ಒಣದ್ರಾಕ್ಷಿಯನ್ನೂ ಕೊಡುವ ಬಗ್ಗೆ ಸರ್ಕಾರ ಯೋಚಿಸಲಿ. ಮಕ್ಕಳಂತೂ ಕಂದು ಅಂತ ಬೇಡ ಅನ್ನುವುದಿಲ್ಲ.

– ಒಬ್ಬ ದ್ರಾಕ್ಷಿ ಬೆಳೆಗಾರ್ತಿ, ತಿಕೋಟಾ